ಕಂಡಕ್ಟರನ್ನು ಬಿಟ್ಟು ಹೊರಟ ಜೀಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮ್ಯಾಚು ಸೋತದ್ದು ನನ್ನ ಬಾಯಿಂದ. ಕೈಯಿಂದ ಸೋತಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನನ್ನ ಕೈ ಗುರಿಯಿಟ್ಟದ್ದು ಯಾವತ್ತೂ ಗುರಿಗೆ ತಾಗಿಲ್ಲ ಅನ್ನುವುದು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿಗೆ ಗೊತ್ತಿರುವ ವಿಚಾರ. ಆದರೆ ಬಾಯಿ ನನ್ನ ಆಸ್ತಿ. ಅದೇ ಕೈಕೊಟ್ಟಿತು. ಬಾಯಿ ಹೇಗೆ ಕೈಕೊಡುತ್ತದೆ ಎಂದು ಕೇಳಬೇಡಿ, ಅದನ್ನೇ ಹೇಳಲು ಕೂತಿದ್ದೇನೆ.

ಇಷ್ಟು ಒಪ್ಪಿಕೊಂಡ ಮೇಲೆ ನಮ್ಮ ಮಾವನನ್ನು ಆಡಿಕೊಳ್ಳುವ ಹಕ್ಕು ನನಗೆ ಬಂತು ಅಂದುಕೊಳ್ಳುತ್ತೇನೆ. ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಎದುರಿಗೆ ಬಂದೂಕು ಹಿಡಿದು ನಿಂತ ಶತ್ರುವನ್ನು "ಎಲ್ಲಿಗೆ ಸ್ವಾಮಿ?" ಎಂದು ಕೇಳಿದ ಏಕೈಕ ಯೋಧ. ಕೇಳಿದ್ದಷ್ಟೇ ಅಲ್ಲ, ಉತ್ತರಕ್ಕೆ ಕಾದರು. ಉತ್ತರ ಬಂತು. ನೇರ ತಲೆಗೇ ಬಂತು.

ಅವರು ಸೈನ್ಯದಲ್ಲಿದ್ದವರಲ್ಲ, ಬಸ್ಸಿನಲ್ಲಿದ್ದವರು. ಪಾವಗಡದಿಂದ ಮಧುಗಿರಿ ಮೇಲೆ ಕೊರಟಗೆರೆಗೆ ಓಡುತ್ತಿದ್ದ 'ಬೆಳ್ಳಿಚುಕ್ಕಿ' ಅನ್ನುವ ಖಾಸಗಿ ಬಸ್ಸಿಗೆ ಹದಿನೆಂಟು ವರ್ಷ ಕಂಡಕ್ಟರು. ಬಸ್ಸುಗಳಲ್ಲಿ ಜನ ಹತ್ತುತ್ತಾರೆ, ಇಳಿಯುತ್ತಾರೆ, ಕೆಲವರು ಉಳಿದುಹೋಗುತ್ತಾರೆ. ನಮ್ಮ ಮಾವನ ಬಸ್ಸಿನಲ್ಲಿ ಮಾತ್ರ ಯಾರೂ ಉಳಿಯುವಂತಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಫುಟ್‌ಬೋರ್ಡ್ ಮೇಲೆ ನಿಂತು ತಲೆ ಎಣಿಸುವರು. ಎಣಿಕೆ ತಪ್ಪಿದರೆ ಒಂದೇ ಕೂಗು: "ಓಲ್ಡಾನ್! ಒಬ್ರು ಕೆಳಗವ್ರೆ!" ಅಷ್ಟಾದರೆ ಮುಗಿಯಿತು, ಮೇಲಿನಿಂದ ದೇವರೇ ಇಳಿದು ಬಂದು ತಳ್ಳಿದರೂ ಬೆಳ್ಳಿಚುಕ್ಕಿ ಅಲುಗುತ್ತಿರಲಿಲ್ಲ.

ನಾನು ಎಂಟು ವರ್ಷದ ಹುಡುಗನಾಗಿದ್ದಾಗ ಒಮ್ಮೆ ಆ ಬಸ್ಸಿನಲ್ಲಿದ್ದೆ. ಐ.ಡಿ.ಹಳ್ಳಿ ಕಡೆಯ ಅಜ್ಜಿಯೊಬ್ಬರು ಹತ್ತುವಾಗ ಒಂದು ಚಪ್ಪಲಿ ಕಳಚಿ ಬಿದ್ದು, ಅದನ್ನು ಹುಡುಕಲು ಮತ್ತೆ ಇಳಿದಿದ್ದರು. ಚಪ್ಪಲಿ ಚರಂಡಿಗೆ ಹೋಗಿತ್ತು. ಬಸ್ಸು ನಿಂತೇ ನಿಂತಿತು. ಬಸ್ಸಿನ ಜನವೆಲ್ಲ ಬೈದರು. ಮುಂದಿನ ಸೀಟಿನಲ್ಲಿದ್ದ ಲಾಯರೊಬ್ಬರು ಕೋರ್ಟಿಗೆ ಹೊತ್ತಾಯಿತೆಂದು ಎದ್ದು ನಿಂತು, ಕಾನೂನಿನ ಯಾವ್ಯಾವ ಕಲಮುಗಳಲ್ಲಿ ಕಂಡಕ್ಟರನ್ನು ಒಳಗೆ ಹಾಕಿಸಬಹುದು ಎಂದು ಪಟ್ಟಿ ಹೇಳಿದರು. ಮಾವ ಕೋಲೊಂದನ್ನು ಹುಡುಕಿ ಚರಂಡಿಯಿಂದ ಚಪ್ಪಲಿ ಎತ್ತುತ್ತಾ, "ನೀವ್ ಕೆಳಗಿದ್ದಿದ್ರೂ ನಿಲ್ಲಿಸ್ತಿದ್ದೆ ಸಾರ್" ಅಂದರು. ಮುಂದಿನ ತಿಂಗಳೇ ಅದೇ ಲಾಯರು ಎಳನೀರು ಕುಡಿಯಲು ಇಳಿದು, ಕಾಯೊಳಗಿನ ಗಂಜಿಯ ಆಸೆಗೆ ಬಿದ್ದು ತಡಮಾಡಿದರಂತೆ. ಬಸ್ಸು ನಿಂತಿತ್ತು. ಅವರು ತಲೆತಗ್ಗಿಸಿಕೊಂಡು ಹತ್ತಿದರಂತೆ, ಕೈಯಲ್ಲಿ ಮಾವನಿಗೂ ಒಂದು ಎಳನೀರು.

ಈ ಎಣಿಸುವ ಚಟ ಬಸ್ಸಿಗಷ್ಟೇ ಸೀಮಿತ ಅಂದುಕೊಂಡಿರಾ? ಹೊಳವನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮದುವೆ. ಮನೆಯವರೆಲ್ಲ ಸೇರಿ ಫೋಟೊಗೆ ನಿಂತಿದ್ದೇವೆ. ಫೋಟೊದವನು ಬೆರಳಿಟ್ಟ. "ಓಲ್ಡಾನ್" ಅಂದರು ಮಾವ. ಒಬ್ಬರು ಕಡಿಮೆ! ಯಾರು? ಮಾವ ಬೆಳಗ್ಗೆಯಿಂದ ಎಣಿಸಿಟ್ಟುಕೊಂಡಿದ್ದ ಲೆಕ್ಕದಲ್ಲಿ ಅಡುಗೆ ಭಟ್ಟರೂ ಸೇರಿದ್ದರು. ಅವರನ್ನು ಒಲೆ ಮುಂದಿನಿಂದ ಎಬ್ಬಿಸಿಕೊಂಡು ಬಂದು ನಿಲ್ಲಿಸಿದ ಮೇಲೆಯೇ ಫೋಟೊ. ಇವತ್ತಿಗೂ ನಮ್ಮ ಮನೆಯ ಗೋಡೆಯಲ್ಲಿ ಮದುಮಗಳ ಬಲಕ್ಕೆ ಸೌಟು ಹಿಡಿದ ಒಬ್ಬರು ನಿಂತಿದ್ದಾರೆ. ಮನೆಗೆ ಬಂದವರು "ಇವರು ಯಾರ ಕಡೆಯವರು?" ಎಂದು ಕೇಳುತ್ತಾರೆ. "ಸಾರಿನ ಕಡೆಯವರು" ಅನ್ನುತ್ತೇನೆ ನಾನು.

ಈಗ ನನ್ನ ವಿಚಾರ. ಮಧುಗಿರಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕಾಗದಕ್ಕೆ ಆ ಮಷಿನು, ದನಿಗೆ ನಾನು. ಯಾರನ್ನು ಒಮ್ಮೆ ಕೇಳಿದರೂ ಅವರಂತೆಯೇ ಮಾತಾಡಬಲ್ಲೆ. ಮೇಷ್ಟ್ರು, ತಹಶೀಲ್ದಾರರ ಕಚೇರಿಯ ಜವಾನ, ಗ್ಯಾಸ್ ಬುಕಿಂಗಿನ ಹೆಂಗಸು, ಹೀಗೆ ಯಾರನ್ನೂ ಬಿಟ್ಟಿಲ್ಲ. ಇದರಿಂದ ಆದ ಒಂದೇ ನಷ್ಟವೆಂದರೆ ನನ್ನದೇ ದನಿ ಯಾವುದೆಂದು ಯಾರಿಗೂ ನೆನಪಿಲ್ಲ. ಜ್ವರ ಬಂದು ಮಲಗಿ ಅಮ್ಮನಿಗೆ ಫೋನು ಮಾಡಿದರೆ ಅಮ್ಮ, "ಯಾರಪ್ಪಾ ಮಾತಾಡ್ತಿರೋದು, ನನ್ ಮಗ ಎಲ್ಲಿ?" ಎಂದು ಕೇಳುತ್ತಾಳೆ. ನಾನು ಮೊತ್ತಮೊದಲು ಕಲಿತ ದನಿ ಮಾವನದು. ಗಂಟಲಲ್ಲಿ ಸ್ವಲ್ಪ ಧೂಳು, ಸ್ವಲ್ಪ ಬೀಡಿ, ಕೊನೆಯಲ್ಲಿ ಒಂದು ಎಳೆತ: "ರೈ...ಟ್ ರೈಟ್. ಓಗ್ಲಿ!" ಇದು ಬಂದುಬಿಟ್ಟರೆ ಅರ್ಧ ಮಾವ ಬಂದಂತೆ. ಉಳಿದರ್ಧ ಏನು ಅನ್ನುವುದು ನನಗೆ ಗೊತ್ತಿರಲಿಲ್ಲ. ಈ ಕಥೆಯೆಲ್ಲ ಆದದ್ದು ಆ ಉಳಿದರ್ಧದಿಂದಲೇ.

ಲಾಕ್‌ಡೌನಿನಲ್ಲಿ ನಿಂತ ಬೆಳ್ಳಿಚುಕ್ಕಿ ಮತ್ತೆ ಹೊರಡಲಿಲ್ಲ. ಮಾವ ಕೊರಟಗೆರೆಯಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳಲು ಕೂತರು. ಹೆಸರಿಗೆ ಸೈಕಲ್ ಸ್ಟ್ಯಾಂಡು, ನಿಂತಿರುವುದೆಲ್ಲ ಬೈಕು. ಓಡುವ ಗಾಡಿಯಲ್ಲಿ ಹದಿನೆಂಟು ವರ್ಷ ನಿಂತೇ ಇದ್ದ ಮನುಷ್ಯ, ಈಗ ನಿಂತ ಗಾಡಿಗಳ ನಡುವೆ ಕೂತೇ ಇರಬೇಕಾಯಿತು. ಬಸ್ಸಿನ ಡ್ರೈವರ್ ಓಬಳೇಶಣ್ಣ ತನ್ನೂರು ಪಾವಗಡಕ್ಕೆ ಹೋಗಿ ನೀರಿನ ಟ್ಯಾಂಕರ್ ಹಿಡಿದರು. ದಿನಕ್ಕೆ ಹದಿಮೂರು ಗಂಟೆ ಒಟ್ಟಿಗಿದ್ದವರು ವರ್ಷಕ್ಕೆ ಒಮ್ಮೆಯೂ ಮುಖ ನೋಡುವಂತಿಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡುವ ಜಾತಿಯಲ್ಲ. ಹದಿನೆಂಟು ವರ್ಷ ಅವರ ಮಾತೆಲ್ಲ ರೈಟ್ ಮತ್ತು ಓಲ್ಡಾನ್ ಎರಡರಲ್ಲೇ ಮುಗಿದುಹೋಗಿತ್ತು. ಈ ಎರಡನ್ನೇ ಹೇಳಲು ಯಾರಾದರೂ ಫೋನು ಮಾಡುತ್ತಾರೆಯೇ?

ಆಗ ನನಗೊಂದು ಪುಣ್ಯದ ಕೆಲಸ ಹೊಳೆಯಿತು. ಮಾಡಿದ್ದು ಅದೊಂದೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಫೋನಿನಲ್ಲಿ ನಾಲ್ಕು ಜನ ಸೇರಿ ಆಡುವ ಗುಂಡಿನ ಆಟವೊಂದಿದೆ. ನಾಲ್ವರೂ ಬೇರೆ ಬೇರೆ ಊರಲ್ಲಿದ್ದರೂ ಒಬ್ಬರ ಮಾತು ಒಬ್ಬರ ಕಿವಿಗೆ ಕೇಳಿಸುತ್ತದೆ. ವಿಮಾನದಿಂದ ಒಂದು ದ್ವೀಪಕ್ಕೆ ಹಾರಬೇಕು, ಬಂದೂಕು ಹುಡುಕಿಕೊಳ್ಳಬೇಕು, ಬೇರೆ ತಂಡಗಳನ್ನು ಹೊಡೆದುರುಳಿಸಬೇಕು. ಸುತ್ತಲಿಂದ ಒಂದು ನೀಲಿ ಗೋಡೆ ಒತ್ತಿಕೊಂಡು ಬರುತ್ತಿರುತ್ತದೆ, ಅದರ ಹೊರಗುಳಿದವರು ಸತ್ತಂತೆ. ನಮ್ಮವರು ಯಾರಾದರೂ ಗುಂಡು ತಿಂದು ಬಿದ್ದರೆ, ಇನ್ನೊಬ್ಬರು ಪಕ್ಕದಲ್ಲಿ ಹತ್ತು ಸೆಕೆಂಡು ಕೂತು ಎಬ್ಬಿಸಬಹುದು. ಕೊನೆಗೆ ಉಳಿದ ತಂಡ ಗೆದ್ದಂತೆ. ಮಾವನಿಗೂ ಓಬಳೇಶಣ್ಣನಿಗೂ ಆಟ ಹಾಕಿಕೊಟ್ಟೆ. ನಾಲ್ಕನೆಯವಳಾಗಿ ನನ್ನ ಕಾಲೇಜಿನ ಗೆಳತಿ, ಸಿರಾದ ನಸ್ರೀನ್. ಅವಳದು ಹಾಸಿಗೆ ರಜಾಯಿ ಅಂಗಡಿ. ನಮ್ಮಲ್ಲಿ ನೆಟ್ಟಗೆ ಗುಂಡು ಹೊಡೆಯಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಚಿಕ್ಕಂದಿನಿಂದ ದಬ್ಬಳ ತೂರಿಸಿದ ಕೈ, ಎಲ್ಲಿ ಅಂದರೆ ಅಲ್ಲಿಗೇ ಹೋಗುತ್ತದೆ.

ಮೊದಲ ದಿನ ವಿಮಾನದಲ್ಲಿ ಕೂತಿದ್ದೇವೆ. ಯುದ್ಧದ ಸಂಗೀತ ಬರುತ್ತಿದೆ. ಮಾವನ ದನಿ: "ಇಳಿಯೋರು ಬಾಗಿಲತ್ರ ಬನ್ನಿ, ಬಾಗಿಲತ್ರ ಬನ್ನಿ." ಓಬಳೇಶಣ್ಣನಿಗೆ ಆ ದನಿ ಕೇಳಿ ಏನಾಯಿತೋ, ಒಂದು ನಿಮಿಷ ಸುಮ್ಮನಿದ್ದು, "ಏಮಪ್ಪಾ ಕಂಡಕ್ಟರೂ, ಬಾಗುನ್ನಾವಾ?" ಅಂದರು. ಚೆನ್ನಾಗಿದ್ದೀಯಾ ಎಂದು. "ಹೂಂ ಕಣ್ಲಾ" ಅಂದರು ಮಾವ. ಅಷ್ಟರಲ್ಲಿ ವಿಮಾನ ದ್ವೀಪ ದಾಟಿ ಸಮುದ್ರದ ಮೇಲಿತ್ತು. ನಾಲ್ವರೂ ನೀರಿಗೆ ಬಿದ್ದೆವು.

ಹೊಂದಾಣಿಕೆ ಅನ್ನುವುದು ನಮ್ಮ ಹತ್ತಿರ ಸುಳಿಯಲಿಲ್ಲ. ಶತ್ರು ಯಾವ ಕಡೆ ಎಂದರೆ ನಸ್ರೀನ್ ದಿಕ್ಸೂಚಿಯ ಅಂಕಿ ಹೇಳುವಳು. ಓಬಳೇಶಣ್ಣ "ಡ್ರೈವರ್ ಸೈಡು" ಅನ್ನುವರು. ಮಾವ "ಬಾಗಿಲ ಕಡೆ" ಅನ್ನುವರು. ನಾನು ಯಾರ ದನಿಯಲ್ಲಿ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಸತ್ತಿರುತ್ತಿದ್ದೆ. ಮಾವ ಬಂದೂಕು ಎತ್ತಿಕೊಳ್ಳುತ್ತಿರಲಿಲ್ಲ. ಚೀಲದ ತುಂಬ ಬ್ಯಾಂಡೇಜು. ಯಾಕೆ ಎಂದರೆ, ಚೆಕಿಂಗಿನವರು ಬಂದಾಗ ಮೊದಲು ನೋಡುವುದೇ ಫಸ್ಟ್ ಏಡ್ ಬಾಕ್ಸನ್ನಂತೆ. "ಚಾಚಾ, ಇದು ಯುದ್ಧ. ಇಲ್ಲಿ ಚೆಕಿಂಗ್ ಬರಲ್ಲ" ಎಂದಳು ನಸ್ರೀನ್. "ಬರಲ್ಲ ಬರಲ್ಲ ಅಂದೋರ್ಗೇ ಬರೋದು ಕಣಮ್ಮ" ಅಂದರು ಮಾವ. ಶತ್ರುವನ್ನು ಎಲ್ಲಿಗೆ ಸ್ವಾಮಿ ಎಂದು ಕೇಳಿದ್ದೂ ಆಗಲೇ. ಮೊದಲ ಇಪ್ಪತ್ತು ಮ್ಯಾಚುಗಳಲ್ಲಿ, ನಸ್ರೀನಳನ್ನು ಬಿಟ್ಟರೆ, ನಾವು ಮೂವರೂ ಸೇರಿ ಕೊಂದದ್ದು ಒಬ್ಬನನ್ನು. ಅವನೂ ಓಬಳೇಶಣ್ಣ ಜೀಪನ್ನು ಹಿಂದಕ್ಕೆ ತೆಗೆಯುವಾಗ ಸಿಕ್ಕಿಕೊಂಡವನು.

ಓಬಳೇಶಣ್ಣ ಹಿಂದೆ ನೋಡುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಬೆಳ್ಳಿಚುಕ್ಕಿಯ ಎಡಗಡೆಯ ಕನ್ನಡಿ ಒಡೆದು ನಾಲ್ಕು ವರ್ಷವಾದರೂ ಅವರಿಗೆ ಗೊತ್ತಾಗಿರಲಿಲ್ಲ. ಹಿಂದೆ ನೋಡಲು ಕಂಡಕ್ಟರಿದ್ದಾನೆ, ಮುಂದೆ ನೋಡಲು ನಾನಿದ್ದೇನೆ, ಮಧ್ಯೆ ಕನ್ನಡಿ ಯಾಕೆ ಅನ್ನುವುದು ಅವರ ವಾದ. ಮಾವನ "ರೈಟ್" ಕಿವಿಗೆ ಬಿದ್ದರೆ ಅವರ ಎಡಗಾಲು ತಾನಾಗಿ ಕ್ಲಚ್ ಬಿಡುತ್ತಿತ್ತು. ತಲೆಗೆ ಆಮೇಲೆ ಗೊತ್ತಾಗುತ್ತಿತ್ತು.

ಹೀಗೆ ನಗುತ್ತಾ ಸೋಲುತ್ತಾ ಇದ್ದುಬಿಡಬಹುದಿತ್ತು. ಆದರೆ ಮಧುಗಿರಿಯ ಮೊಬೈಲ್ ಅಂಗಡಿಯ ಹುಡುಗರು ನಾಲ್ಕು ತಾಲ್ಲೂಕಿಗೆ ಸೇರಿಸಿ ಈ ಆಟದ ಪಂದ್ಯ ಇಟ್ಟರು. ಎಲ್ಲರೂ ಅವರವರ ಊರಿಂದಲೇ ಆಡಬಹುದು. ಬಸ್ ಸ್ಟ್ಯಾಂಡಿನ ಎದುರಿಗೆ ಶಾಮಿಯಾನ ಹಾಕಿ, ದೊಡ್ಡ ಪರದೆಯಲ್ಲಿ ಫೈನಲ್ ತೋರಿಸಿ, ಗೆದ್ದ ತಂಡದ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬಹುಮಾನ ನಾಲ್ಕು ಹೆಲ್ಮೆಟ್ಟು. ಮಾವನಿಗೆ ಹೆಲ್ಮೆಟ್ಟು ಬೇಕಿರಲಿಲ್ಲ, ಸ್ಟ್ಯಾಂಡಿನಲ್ಲಿ ಜನ ಮರೆತುಹೋದವೇ ಹನ್ನೊಂದಿವೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೈಕಲ್ಲಿ ತಂಡದ ಹೆಸರು ಕೂಗ್ತಾರೇನ್ಲಾ? ಬಸ್ ಸ್ಟ್ಯಾಂಡ್ ಮುಂದೆ?"

ಹೌದು ಅಂದೆ. ತಂಡದ ಹೆಸರು ಬೆಳ್ಳಿಚುಕ್ಕಿ ಎಂದು ಬರೆಸಲು ಹೇಳಿದರು. ಆಮೇಲೆ ಮೆಲ್ಲಗೆ, ಆ ಸ್ಟ್ಯಾಂಡಿನ ಮೈಕಿನಲ್ಲಿ ಆ ಹೆಸರು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು, ಈಗ ಬರದೆ ಐದು ವರ್ಷ ಆಯ್ತು, ಒಂದೇ ಒಂದು ಸಲ ಕೂಗಿಸಬೇಕು ಅಂದರು. ನಾನು ತಮಾಷೆ ಮಾಡಲು ಬಾಯಿ ತೆರೆದೆ. ಮುಚ್ಚಿಕೊಂಡು ಹೋಗಿ ಆ ಹೆಸರು ಬರೆಸಿದೆ.

ಅವತ್ತಿಂದ ಮಾವ ಬೇರೆಯೇ ಮನುಷ್ಯರಾದರು. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಗಿರಾಕಿ ಕಡಿಮೆ, ಒಂದೂವರೆ ಗಂಟೆ ಅಭ್ಯಾಸ. ಇಡೀ ದ್ವೀಪವನ್ನು ನೋಟ್ ಪುಸ್ತಕದಲ್ಲಿ ಬಸ್ಸಿನ ರೂಟಿನಂತೆ ಸ್ಟೇಜುಗಳಾಗಿ ಬರೆದಿಟ್ಟರು. ಸೇತುವೆಯಿಂದ ಗೋಡೌನಿಗೆ ಎಷ್ಟು ನಿಮಿಷ, ಗೋಡೌನಿಂದ ಗುಡ್ಡಕ್ಕೆ ಎಷ್ಟು, ನೀಲಿ ಗೋಡೆ ಯಾವ ಸ್ಟೇಜಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಕ್ಕೂ ಟೈಮಿಂಗು. ನಮ್ಮೆಲ್ಲರಿಗೂ ಒಂದೇ ಭಾಷೆ ಕಲಿಸಿದರು: ಇನ್ನು ಮೇಲೆ ಡ್ರೈವರ್ ಸೈಡು, ಬಾಗಿಲ ಸೈಡು, ಮುಂದೆ, ಹಿಂದೆ. ಕಾಲೇಜಿನಲ್ಲಿ ಮೊದಲ ದರ್ಜೆಯ ನಸ್ರೀನ್ ಕೂಡ, "ಚಾಚಾ, ಬಾಗಿಲ ಸೈಡು ಇಬ್ರು" ಎಂದು ಕೂಗಿ ಇಬ್ಬರನ್ನೂ ಮಲಗಿಸುವಳು. ಮಾವ ಬಂದೂಕನ್ನೂ ಎತ್ತಿಕೊಂಡರು. ಒಂದು ಮಾತಿಗೆ ಮಾತ್ರ ಒಪ್ಪಲಿಲ್ಲ. ಬಿದ್ದವರನ್ನು ಬಿಟ್ಟು ಮುಂದೆ ಹೋಗೋಣ ಎಂದರೆ ಸುತರಾಂ ಇಲ್ಲ. ಓಲ್ಡಾನ್, ಒಬ್ರು ಕೆಳಗವ್ರೆ. ಹೆಚ್ಚಾಗಿ ಬೀಳುತ್ತಿದ್ದವನು ನಾನೇ ಆದ್ದರಿಂದ ನನಗೆ ಈ ನಿಯಮದ ಬಗ್ಗೆ ಗೌರವವಿತ್ತು. ಅಭ್ಯಾಸದ ಮೊದಲ ವಾರ ಹನ್ನೆರಡನೆಯವರಾದೆವು, ಆಮೇಲೆ ಏಳು, ಆಮೇಲೆ ನಾಲ್ಕು. ಪಂದ್ಯ ಶುರುವಾಗಿ, ನೋಡನೋಡುತ್ತ ಫೈನಲ್ಲಿಗೆ ಬಂದೆವು!

ಫೈನಲ್ ಭಾನುವಾರ ಮಧ್ಯಾಹ್ನ. ಮಾವ ಕೊರಟಗೆರೆಯಲ್ಲಿ ಬೈಕುಗಳ ನಡುವೆ, ಇಸ್ತ್ರಿ ಮಾಡಿದ ಹಳೇ ಖಾಕಿ ಅಂಗಿಯಲ್ಲಿ. ಓಬಳೇಶಣ್ಣ ಟ್ಯಾಂಕರನ್ನು ಬೇವಿನ ಮರದಡಿ ನಿಲ್ಲಿಸಿಕೊಂಡು, ಸ್ಟಿಯರಿಂಗ್ ಮುಂದೆಯೇ ಕೂತು. ಇಲ್ಲದಿದ್ದರೆ ಜೀಪು ಓಡಿಸಲು ಕೈ ಬರುವುದಿಲ್ಲವಂತೆ. ನಸ್ರೀನ್ ಸಿರಾದಲ್ಲಿ ರಜಾಯಿಗಳ ರಾಶಿಯ ಮೇಲೆ. ನಾನು ಮುಚ್ಚಿದ ಜೆರಾಕ್ಸ್ ಅಂಗಡಿಯ ಒಳಗೆ.

ಒಂದೊಂದೇ ತಂಡ ಉದುರಿತು. ಕೊನೆಗೆ ಉಳಿದದ್ದು ಎರಡು, ಅವರೊಂದು ನಾವೊಂದು. ನಮ್ಮ ನಾಲ್ವರೂ ಜೀವಂತ! ಗೋಡೌನಿಂದ ಗುಡ್ಡದ ಕಡೆಗೆ ಜೀಪಿನಲ್ಲಿ ಹೊರಟಿದ್ದೆವು, ನಸ್ರೀನ್ ನಡೆದುಕೊಂಡೇ ಬೇಲಿಯ ಮರೆಯಲ್ಲಿ ಮುಂದೆ ಹೋಗಿದ್ದಳು. ಗುಡ್ಡದ ಮೇಲಿಂದ ಗುಂಡು ಬಂತು. ಅವಳು ಬಿದ್ದಳು.

ಮಾವ ಓಲ್ಡಾನ್ ಹೇಳಿ ಜೀಪು ನಿಲ್ಲಿಸಿ, ಇಳಿದು ಅವಳ ಹತ್ತಿರ ಹೋಗಿ ಕೂತರು. ಹತ್ತು ಸೆಕೆಂಡು ಬೇಕು. ಅವಳೇ ಹೇಳಿದಳು, "ಬಿಟ್ಬಿಡಿ ಚಾಚಾ, ನೀವ್ ಮೂರ್ ಜನ ಹೋಗಿ. ಗೆದ್ದರೆ ಎಲ್ಲಾ ಗೆದ್ದಂಗೇ." ಮಾವ, "ಸುಮ್ಕಿರು ತಾಯಿ" ಅಂದರು. ಹಿಂದಿನಿಂದ ನೀಲಿ ಗೋಡೆ ಬರುತ್ತಿತ್ತು. ಗುಡ್ಡದ ಕೆಳಗೆ ಒಂದು ಬಂಡೆ ಖಾಲಿ ಬಿದ್ದಿತ್ತು, ಅಲ್ಲಿಗೆ ಮೊದಲು ಹೋದವರು ಗೆದ್ದಂತೆ ಎಂದು ನನಗನ್ನಿಸಿತು. ಹಿಂದಿನ ಸೀಟಿನಲ್ಲಿ ಕೂತ ನನ್ನೊಳಗೆ ಅರ್ಧ ಗೆಲ್ಲುವ ಆಸೆ, ಅರ್ಧ ಹೆದರಿಕೆ, ಇನ್ನರ್ಧ ಹುಟ್ಟುಗುಣ. ಮೂರು ಅರ್ಧ ಹೇಗಾಯಿತು ಎನ್ನಬೇಡಿ, ಹೆಚ್ಚಾದ ಆ ಅರ್ಧವೇ ಹಾಳುಮಾಡಿದ್ದು. ಗಂಟಲಿಗೆ ಧೂಳು ತಂದುಕೊಂಡು, ಬೀಡಿ ತಂದುಕೊಂಡು ನಾನು ಅಂದೆ:

"ರೈ...ಟ್ ರೈಟ್. ಓಗ್ಲಿ!"

ಓಬಳೇಶಣ್ಣನ ಎಡಗಾಲು ಕೇಳಿಸಿಕೊಂಡಿತು. ಜೀಪು ಹೊರಟೇಹೋಯಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಕಂಡಕ್ಟರನ್ನೇ ಕೆಳಗೆ ಬಿಟ್ಟು ಗಾಡಿ ಹೊರಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಜೀಪಿನ ಹಿಂದೆ ಓಡುತ್ತಿದ್ದರು. ಮಾವ ಏಳಲಿಲ್ಲ. ನಸ್ರೀನಳ ಪಕ್ಕ ಕೂತಲ್ಲೇ ಕೂತು, "ಓಲ್ಡಾನ್ ಓಬಳೇಶ, ಓಲ್ಡಾನ್" ಅಂದರು. ಈಗ ಓಬಳೇಶಣ್ಣನ ಪಾಡು ನೋಡಿ! ಒಂದೇ ದನಿ ರೈಟ್ ಅಂದಿದೆ, ಅದೇ ದನಿ ಓಲ್ಡಾನ್ ಅಂದಿದೆ. ಎಡಗಾಲು ಒಂದು ಹೇಳುತ್ತದೆ, ಬಲಗಾಲು ಇನ್ನೊಂದು. ಬಟಾಬಯಲಿನ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ, ಜೀಪು ನಿಂತಿತು. ತಿರುಗಿಸಲು ಹೋದರು. ಚಕ್ರ ಕಲ್ಲಿಗೇರಿ ಜೀಪು ಮಗುಚಿಕೊಂಡಿತು. ಗುಡ್ಡದ ಮೇಲಿನವರಿಗೆ ಗುರಿಯಿಡುವ ಕಷ್ಟವೂ ಇರಲಿಲ್ಲ. ಮೊದಲು ನಾನು, ಆಮೇಲೆ ಓಬಳೇಶಣ್ಣ. ಮಾವನಿಗೆ ಗುಂಡು ಬಿದ್ದಾಗ ಅವರು ಒಂಬತ್ತನೆಯ ಸೆಕೆಂಡಿನಲ್ಲಿದ್ದರು.

ಆಟ ಮುಗಿದ ಮೇಲೂ ಮಾತು ಕೇಳಿಸುತ್ತಿರುತ್ತದೆ. ಪಾವಗಡದ ಬೇವಿನ ಮರದ ಕಾಗೆ ಮಾತ್ರ ಕೂಗುತ್ತಿತ್ತು.

"ನುವ್ ರೈಟ್ ಅಂದೆ ಕದಪ್ಪಾ" ಅಂದರು ಓಬಳೇಶಣ್ಣ. "ಅದ್ಕೇ ಗಾಡಿ ಎತ್ತಿದೆ ನಾನು."

ಕೊರಟಗೆರೆಯಲ್ಲಿ ಯಾರೋ ಬೈಕು ಒದ್ದು ಸ್ಟಾರ್ಟು ಮಾಡಿದ್ದು ಕೇಳಿಸಿತು. ಆಮೇಲೆ ಮಾವ, "ಹೂಂ ಕಣ್ಲಾ. ಅಂದಿರ್ಬೇಕು" ಅಂದರು.

"ಆ ಪಾಪ ಹುಡುಗಿ ಕೆಳಗೆ ಬಿದ್ದಿದ್ಲು. ನೀನ್ ಇಂಗೆ ಮಾಡೋನಲ್ಲ." ಓಬಳೇಶಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. "ನಿನ್ನ ರೈಟ್ ನಂಬಿ ನಾನು ಕನ್ನಡೀನೂ ನೋಡ್ದೆ ಗಾಡಿ ಓಡ್ಸಿದೋನು" ಎಂದು ಫೋನಿಟ್ಟರು.

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ನಾಲ್ಕು ತಾಲ್ಲೂಕಿನ ದನಿಗಳನ್ನು ಗಂಟಲಲ್ಲಿಟ್ಟುಕೊಂಡವನಿಂದ ಆ ಹೊತ್ತಿಗೆ ಒಂದೂ ಹೊರಡಲಿಲ್ಲ. ಮಾವನೇ ಮತ್ತೆ ಕೇಳಿದರು, ನಾನು ಶಾಮಿಯಾನದ ಕಡೆ ಹೋಗುತ್ತೇನೆಯೇ ಎಂದು. ಹೋದೆ. ಗೆದ್ದ ತಂಡದ ಹೆಸರನ್ನು ಮೂರು ಸಲ ಕೂಗಿದರು. ಸಂಜೆ ಮಾವ ಫೋನು ಮಾಡಿ, "ಮೈಕು ಚೆನ್ನಾಗಿತ್ತೇನ್ಲಾ? ಸ್ಟ್ಯಾಂಡ್ ಒಳಗಂಟ ಕೇಳ್ತಿತ್ತಾ?" ಎಂದರು. ಕೇಳುತ್ತಿತ್ತು ಅಂದೆ. "ಒಳ್ಳೇದಾಯ್ತು" ಅಂದರು.

ಮಾರನೆಯ ದಿನದಿಂದ ಓಬಳೇಶಣ್ಣ ಆಟಕ್ಕೆ ಬರಲಿಲ್ಲ. ಮಾವ ಮಾತ್ರ ದಿನಾ ಮಧ್ಯಾಹ್ನ ಸರಿಯಾದ ಹೊತ್ತಿಗೆ ಬಂದು ಕೂರುವರು. ನಾಲ್ಕರಲ್ಲಿ ಮೂರು ಜನ. ಎಣಿಸಿ, "ಒಬ್ರು ಬಂದಿಲ್ಲ, ತಡೀರಿ" ಅನ್ನುವರು. ನಾವು ತಡೆಯುವೆವು. ಒಂದೂವರೆ ಗಂಟೆ ತಡೆದು, ಆಡದೆ ಎದ್ದುಹೋಗುವೆವು. ಒಂಬತ್ತು ದಿನ ಹೀಗೆ!

ಏನಾದರೂ ಮಾಡಬೇಕಿತ್ತು. ನನಗೆ ಹೊಳೆದ ಉಪಾಯ ಕೇಳಿದರೆ ನೀವು ನನ್ನ ಕಿವಿ ಹಿಂಡುತ್ತೀರಿ. ಮಾವನ ದನಿಯಲ್ಲಿ ಓಬಳೇಶಣ್ಣನಿಗೆ, ಓಬಳೇಶಣ್ಣನ ದನಿಯಲ್ಲಿ ಮಾವನಿಗೆ, ಬೇರೆ ಬೇರೆ ನಂಬರಿನಿಂದ ಕ್ಷಮೆ ಕೇಳಿ ರಾಜಿ ಮಾಡಿಸುವುದು! ಇದನ್ನು ನಸ್ರೀನಳಿಗೆ ಹೇಳಿದೆ. ಅವಳು ಬಹಳ ತಣ್ಣಗೆ, ತಾನು ಬಿದ್ದುಕೊಂಡಿದ್ದಾಗ ಬೇರೆ ಕೆಲಸವಿಲ್ಲದೆ ಪರದೆಯನ್ನೇ ನೋಡುತ್ತಿದ್ದೆ ಅಂದಳು. ಈ ಆಟದಲ್ಲಿ ಯಾರು ಮಾತಾಡಿದರೂ ಅವರ ಹೆಸರಿನ ಪಕ್ಕ ಮೈಕಿನ ಚಿತ್ರ ಮಿನುಗುತ್ತದೆ. ರೈಟ್ ಅಂದಾಗ ಮಿನುಗಿದ್ದು ಮಾವನ ಹೆಸರಿನ ಪಕ್ಕ ಅಲ್ಲ.

"ನಾನ್ ಹೇಳಲ್ಲ, ಚಾಡಿ ಹೇಳೋದು ನನ್ ಕೆಲ್ಸ ಅಲ್ಲ" ಎಂದಳು. "ನೀನೇ ಹೋಗು. ಜಿಂದಗಿಯಲ್ಲಿ ಒಂದ್ಸಲ ನಿನ್ ಆವಾಜಲ್ಲಿ ಮಾತಾಡು."

ಹತ್ತನೆಯ ದಿನ ಕೊರಟಗೆರೆಯ ಬಸ್ಸು ಹತ್ತಿದೆ. ಗುಂಡಿನ ಆಟದಲ್ಲಿ ಇನ್ನೂರು ಸಲ ಸತ್ತವನಿಗೆ ಆ ಹದಿನೆಂಟು ಕಿಲೋಮೀಟರು ಸಾಕಾಗಿಹೋಯಿತು. ಬಸ್ಸು ಸರ್ಕಾರದ್ದು, ಕಂಡಕ್ಟರು ಯಾರನ್ನೂ ಎಣಿಸಲಿಲ್ಲ. ಯಾರಾದರೂ ಕೆಳಗುಳಿದರೇ ಎಂದು ನಾನೇ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದೆ.

ಮಾವ ಸ್ಟ್ಯಾಂಡಿನಲ್ಲಿ ಸ್ಟೂಲಿನ ಮೇಲೆ ಕೂತು ಟೋಕನ್ನುಗಳನ್ನು ತಂತಿಗೆ ಪೋಣಿಸುತ್ತಿದ್ದರು. ಮುಂದೆ ನೋಟ್ ಪುಸ್ತಕ ತೆರೆದಿತ್ತು. ದ್ವೀಪದ ಸ್ಟೇಜುಗಳಲ್ಲಿ ಗೋಡೌನು ಮತ್ತು ಗುಡ್ಡದ ನಡುವೆ ಹೊಸ ಪೆನ್ನಿನಲ್ಲಿ 'ಬೇಲಿ' ಎಂದು ಒಂದು ಸ್ಟಾಪು ಸೇರಿಸಿದ್ದರು. ಸೋತ ಜಾಗ. ಪಕ್ಕದಲ್ಲಿ 'ಹತ್ತು ಸೆಕೆಂಡು ನಿಲುಗಡೆ' ಎಂದು ಬರೆದಿತ್ತು. ಮುಂದಿನ ಪಂದ್ಯಕ್ಕೆ ತಯಾರಿ! ತಂಡದಲ್ಲಿ ಡ್ರೈವರೇ ಇಲ್ಲ, ಟೈಮಿಂಗು ಮಾತ್ರ ಸಿದ್ಧ.

ನಾನು ಕೂರಲಿಲ್ಲ. ಓಬಳೇಶಣ್ಣನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಇಬ್ಬರಿಗೂ ಒಟ್ಟಿಗೇ ಕೇಳುವಂತೆ ಸ್ಟೂಲಿನ ಪಕ್ಕ ಬೈಕೊಂದರ ಸೀಟಿನ ಮೇಲಿಟ್ಟೆ.

"ಅವತ್ತು ರೈಟ್ ಅಂದೋನು ನಾನು" ಅಂದೆ. "ಮಾವ ಅಲ್ಲ."

"ಯಾರದು ಮಾತಾಡೋದು?" ಅಂದರು ಓಬಳೇಶಣ್ಣ.

ನೋಡಿ, ತಪ್ಪೊಪ್ಪಿಕೊಳ್ಳಲೂ ನನಗೆ ಗುರುತಿನ ಚೀಟಿ ಬೇಕು. ಹೆಸರು ಹೇಳಿದೆ, ತಾಯಿಯ ಹೆಸರು ಹೇಳಿದೆ, ಊರು ಹೇಳಿದೆ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಬಂಡೆಯ ಆಸೆ, ಹೆದರಿಕೆ, ಬಾಯಿಯ ತೀಟೆ. ಒಂಬತ್ತು ದಿನ ಸುಮ್ಮನಿದ್ದದ್ದನ್ನೂ ಹೇಳಿದೆ, ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ದನಿ ಕೀರಲಾಯಿತು. ಅದು ಯಾರ ದನಿಯೂ ಅಲ್ಲ. ನನ್ನದೇ ಇರಬೇಕು, ಅಷ್ಟು ಕೆಟ್ಟದಾಗಿತ್ತು.

ಮಾವ ಟೋಕನ್ ಪೋಣಿಸುವುದನ್ನು ನಿಲ್ಲಿಸಲಿಲ್ಲ. ಪಾವಗಡದಿಂದ ನೀರು ತುಂಬುವ ಮೋಟಾರಿನ ಸದ್ದಷ್ಟೇ. ಆಮೇಲೆ ಓಬಳೇಶಣ್ಣ ನನ್ನನ್ನು ತೆಲುಗಿನಲ್ಲಿ ಬೈದರು. ಅಷ್ಟೂ ಅರ್ಥವಾಗಲಿಲ್ಲ, ಆಗಿದ್ದಷ್ಟನ್ನು ಇಲ್ಲಿ ಬರೆಯುವಂತಿಲ್ಲ. ಇನ್ನು ಮೇಲೆ ನಾನಿರುವ ಜೀಪನ್ನು ಮುಟ್ಟುವುದಿಲ್ಲ ಎಂದದ್ದು ಮಾತ್ರ ಕನ್ನಡದಲ್ಲಿತ್ತು. ನಾನು ತಲೆಯಾಡಿಸಿದೆ. ಫೋನಿಗೆ ತಲೆಯಾಡಿಸಿದರೆ ಏನು ಪ್ರಯೋಜನ?

ಕೊನೆಗೆ ಓಬಳೇಶಣ್ಣನ ದನಿ ಇಳಿಯಿತು. ಈಗ ಅವರು ಮಾತಾಡುತ್ತಿದ್ದದ್ದು ಮಾವನ ಜೊತೆ.

"ನಿನಗೆ ಗೊತ್ತಿತ್ತಾ ಕಂಡಕ್ಟರೂ, ಈ ಹುಡುಗ ಅಂತ?"

"ಗೊತ್ತಿತ್ತು ಬುಡು."

"ಮರಿ ಎಂದುಕಪ್ಪಾ, ಯಾಕೆ ನೀನೇ ಅಂದಿರ್ಬೇಕು ಅಂದೆ? ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಾನು ನಿನ್ನ ಹತ್ತು ದಿನ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಮಾವ ತಂತಿಯನ್ನು ಗಂಟು ಹಾಕಿ ಮೊಳೆಗೆ ನೇತುಹಾಕಿದರು. ನನ್ನನ್ನು ನೋಡಲಿಲ್ಲ. ಫೋನನ್ನು ಬೈಕಿನ ಸೀಟಿನಿಂದ ಎತ್ತಿ ಬಾಯಿಗೆ ಹತ್ತಿರ ಹಿಡಿದುಕೊಂಡರು, ಫುಟ್‌ಬೋರ್ಡ್ ಮೇಲಿಂದ ಡ್ರೈವರಿಗೆ ಕೇಳಲಿ ಅನ್ನುವಂತೆ.

"ಹೇಳಿದ್ರೆ ನೀನ್ ಅವನ್ನ ಇಳಿಸ್ಬುಡ್ತಿದ್ದೆ. ಒಬ್ಬನ್ನ ಕೆಳಗೆ ಬುಟ್ಟು ನಾನೆಂಗ್ಲಾ ರೈಟ್ ಅನ್ಲಿ?"